‘ರಕ್ತ ಕಡಿಮೆ ಇದೆ’ ಎಂದರೆ ಏನು? ಮಲೆನಾಡಿನ ಬಡ ಮನೆಯ ಬಸುರಿಯ ಊಟ, ಮಾತ್ರೆ ಮತ್ತು ದಾರಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಜಗುಲಿಯಲ್ಲಿ, ಬಸುರಿಯರ ತಪಾಸಣೆಯ ದಿನ ಅರ್ಧ ಗಂಟೆ ಕುಳಿತರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ರಕ್ತ ಕಡಿಮೆ ಇದೆ.” ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿ, ಯಂತ್ರದಲ್ಲಿ ಮೂಡಿದ ಸಂಖ್ಯೆಯನ್ನು ಸಿಸ್ಟರ್ ತಾಯಿ ಕಾರ್ಡಿನ ಚೌಕದಲ್ಲಿ ಬರೆಯುತ್ತಾರೆ. ಅದು 8 ಅಥವಾ 9ರ ಆಸುಪಾಸಿನಲ್ಲಿದ್ದರೆ ಜೊತೆಗೆ ಬಂದ ಅತ್ತೆಯೋ ತಾಯಿಯೋ “ಸರಿಯಾಗಿ ಉಣ್ಣು ಅಂದ್ರೆ ಕೇಳೋದೇ ಇಲ್ಲ” ಎನ್ನುತ್ತಾರೆ. ಹುಡುಗಿ ಏನೂ ಹೇಳದೆ ನೆಲ ನೋಡುತ್ತಾಳೆ.

ಆ ಮಾತಿನಲ್ಲಿ ಪ್ರೀತಿ ಇರಬಹುದು, ಆದರೆ ತಪ್ಪು ತಿಳಿವಳಿಕೆಯೂ ಇದೆ. ನಮ್ಮ ಭಾಗದ ಬಡ ಮನೆಗಳಲ್ಲಿ ಇಂದು ಬಸುರಿ ಹೆಂಗಸು ಉಪವಾಸ ಬೀಳುವುದು ಅಪರೂಪ. ರೇಷನ್ ಅಕ್ಕಿ ಬರುತ್ತದೆ, ಮೂರು ಹೊತ್ತು ಒಲೆ ಉರಿಯುತ್ತದೆ, ತಟ್ಟೆಯಲ್ಲಿ ಅನ್ನ ಗುಡ್ಡೆಯಾಗಿಯೇ ಇರುತ್ತದೆ. ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. ಇವೆರಡೂ ಒಂದೇ ಅಲ್ಲವೆಂಬುದನ್ನು ಬಿಡಿಸಿ ಹೇಳುವುದು ಮತ್ತು ನಡುವಿನ ದಾರಿಯಲ್ಲಿ ಕಬ್ಬಿಣದ ಅಂಶ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು ತೋರಿಸುವುದು ಈ ಬರಹದ ಕೆಲಸ. ಸೋರುವ ಜಾಗಗಳನ್ನು ನೋಡಿದರೆ ಬಸುರಿಯ ಹಟ ಅಥವಾ ಅಜ್ಞಾನಕ್ಕಿಂತ ಅವಳ ಸುತ್ತಲಿನ ವ್ಯವಸ್ಥೆಯ ಪಾಲೇ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಆ ಸಂಖ್ಯೆಯ ಅರ್ಥ ತಿಳಿಯೋಣ. ಹಿಮೋಗ್ಲೋಬಿನ್ ಎಂಬುದು ರಕ್ತದ ಕೆಂಪು ಕಣಗಳೊಳಗಿನ, ಕಬ್ಬಿಣವನ್ನು ಹಿಡಿದಿಟ್ಟುಕೊಂಡ ಪ್ರೋಟೀನು. ಉಸಿರಿನ ಆಮ್ಲಜನಕವನ್ನು ಹೊತ್ತು ತಾಯಿಯ ಮೈಗೆ ತಲುಪಿಸುವುದೂ ಅದೇ, ಮಾಸಿನ (ಪ್ಲಾಸೆಂಟಾ) ತನಕ ಒಯ್ದು ಮಗುವಿಗೆ ದಾಟಿಸುವುದೂ ಅದೇ. ಬಸುರಿಯಲ್ಲಿ ಪ್ರತಿ ಡೆಸಿಲೀಟರ್ ರಕ್ತಕ್ಕೆ ಇದು 11 ಗ್ರಾಂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದೆ. 10ರಿಂದ 10.9ರವರೆಗೆ ಸೌಮ್ಯ, 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇಕಡಾ 52.2ರಷ್ಟು, ಕರ್ನಾಟಕದಲ್ಲಿ ಶೇಕಡಾ 45.7ರಷ್ಟು ಮಂದಿ ರಕ್ತಹೀನರು. ಇಷ್ಟು ವರ್ಷಗಳ ಮಾತ್ರೆ ಹಂಚಿಕೆಯ ನಂತರವೂ ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರು ಎಂದಾಯಿತು.

ಬಸುರಿಯಲ್ಲದ ಹೆಂಗಸಿಗೆ 12 ಇರಬೇಕಾದ ಜಾಗದಲ್ಲಿ ಬಸುರಿಗೆ 11 ಸಾಕು ಎನ್ನುವುದಕ್ಕೆ ಕಾರಣವಿದೆ. ಬಸುರಿನಲ್ಲಿ ಮೈಯ ಒಟ್ಟು ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಏರುತ್ತದೆ. ಆದರೆ ಅದರಲ್ಲಿ ದ್ರವದ ಭಾಗ ಏರಿದಷ್ಟು ಕೆಂಪು ಕಣಗಳು ಏರುವುದಿಲ್ಲ, ಅವು ಹೆಚ್ಚುವುದು ಶೇಕಡಾ 20ರಿಂದ 30ರಷ್ಟು ಮಾತ್ರ. ನೆಂಟರು ಬಂದಾಗ ಸಾರಿಗೆ ನೀರು ಬೆರೆಸಿ ಹಿಗ್ಗಿಸಿದ ಹಾಗೆ ರಕ್ತ ಸ್ವಲ್ಪ ತೆಳುವಾಗುತ್ತದೆ. ಇಷ್ಟು ತೆಳುವಾಗುವುದು ಸಹಜವೇ. ಆದರೆ ಮೊದಲೇ ತೆಳುವಾಗಿದ್ದ ಸಾರಿಗೆ ನೀರು ಬೆರೆತರೆ ಉಳಿಯುವುದು ಬಣ್ಣದ ನೀರು ಮಾತ್ರ.

ಇನ್ನು ಕಬ್ಬಿಣದ ಲೆಕ್ಕ. ಇಡೀ ಬಸಿರು ಮುಗಿಯುವಷ್ಟರಲ್ಲಿ ಒಬ್ಬ ಹೆಂಗಸಿಗೆ ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕಾಗುತ್ತದೆ. ಅದರಲ್ಲಿ ಸುಮಾರು 300 ಮಿಲಿಗ್ರಾಂ ಮಗುವಿಗೆ ಮತ್ತು ಮಾಸಿಗೆ, 500 ಮಿಲಿಗ್ರಾಂ ತಾಯಿಯಲ್ಲಿ ಹೊಸದಾಗಿ ಹುಟ್ಟುವ ಕೆಂಪು ಕಣಗಳಿಗೆ, ಉಳಿದದ್ದು ಮೈಯಿಂದ ದಿನವೂ ಹೋಗುವ ಸಹಜ ನಷ್ಟ ತುಂಬಲಿಕ್ಕೆ. ಈ ಬೇಡಿಕೆ ಒಂಬತ್ತು ತಿಂಗಳಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಮೊದಲ ಮೂರು ತಿಂಗಳು ವಾಂತಿಯ ಕಷ್ಟದಲ್ಲಿ ಊಟ ಸೇರದಿದ್ದರೂ ಹೇಗೋ ನಡೆಯುತ್ತದೆ. ಆರು ತಿಂಗಳು ಕಳೆದ ಮೇಲೆ ದಿನಕ್ಕೆ 6ರಿಂದ 7 ಮಿಲಿಗ್ರಾಂ ಕಬ್ಬಿಣ ರಕ್ತಕ್ಕೆ ಸೇರಲೇಬೇಕು.

ರಕ್ತಕ್ಕೆ ಸೇರಬೇಕು ಎಂದೆ, ಹೊಟ್ಟೆಗೆ ಸೇರಬೇಕು ಎನ್ನಲಿಲ್ಲ. ಅಕ್ಕಿ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಬಹಳ ಕಷ್ಟಪಟ್ಟು ಹೀರುತ್ತದೆ. ಬಸುರಿನಲ್ಲಿ ಈ ಹೀರುವ ಶಕ್ತಿ ತಾನಾಗಿಯೇ ಹೆಚ್ಚುತ್ತದೆ ನಿಜ. ಆದರೂ ಲೆಕ್ಕ ಅರ್ಥವಾಗಲೆಂದು ಹತ್ತು ಪಾಲಿನಲ್ಲಿ ಒಂದು ಪಾಲು ಒಳಗೆ ಹೋಗುತ್ತದೆ ಎಂದು ಹಿಡಿಯೋಣ. ಆಗ 6 ಮಿಲಿಗ್ರಾಂ ರಕ್ತಕ್ಕೆ ಸೇರಲು ಊಟದಲ್ಲಿ 60 ಮಿಲಿಗ್ರಾಂ ಇರಬೇಕು. ಪಾಲಿಶ್ ಮಾಡಿದ ಬಿಳಿ ಅಕ್ಕಿಯ 100 ಗ್ರಾಂನಲ್ಲಿ ಇರುವುದು 1 ಮಿಲಿಗ್ರಾಂಗಿಂತ ಕಡಿಮೆ. ದಿನಕ್ಕೆ 400 ಗ್ರಾಂ ಅಕ್ಕಿಯ ಅನ್ನ ಉಂಡರೂ 4 ಮಿಲಿಗ್ರಾಂ ದಾಟುವುದಿಲ್ಲ. ಹುರುಳಿ, ಸೊಪ್ಪು, ರಾಗಿ ಎಲ್ಲವನ್ನೂ ಸೇರಿಸಿದರೂ ಮೂರನೆಯ ತ್ರೈಮಾಸಿಕದ ಬೇಡಿಕೆಯನ್ನು ತಟ್ಟೆಯೊಂದೇ ಪೂರೈಸುವುದು ಕಷ್ಟ. “ಮಾತ್ರೆ ಯಾಕೆ, ಚೆನ್ನಾಗಿ ಉಂಡರೆ ಸಾಕು” ಎನ್ನುವ ಹಿರಿಯರ ಮಾತಿಗೆ ಉತ್ತರ ಈ ಲೆಕ್ಕದಲ್ಲೇ ಇದೆ. ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುವುದು ಸುಮ್ಮನೆ ಅಲ್ಲ.

ಹಾಗಾದರೆ ಊಟಕ್ಕೆ ಬೆಲೆ ಇಲ್ಲವೇ? ಖಂಡಿತ ಇದೆ, ಮತ್ತು ಇಲ್ಲಿ ಮಲೆನಾಡು ಬಡ ನಾಡಲ್ಲ. ನಮ್ಮ ಹಿತ್ತಿಲಿನಲ್ಲಿ ಬಸಳೆ ಚಪ್ಪರವಿದೆ, ಹರಿವೆ ಸೊಪ್ಪು ಇದೆ, ಬೇಲಿಯ ಬದಿಯಲ್ಲಿ ನುಗ್ಗೆ ಮರವಿದೆ. ಮಳೆ ಬಿದ್ದ ಕೂಡಲೆ ಚಗಚೆ ಸೊಪ್ಪು ರಸ್ತೆ ಬದಿಯಲ್ಲೇ ಏಳುತ್ತದೆ, ತೋಡಿನ ಅಂಚಿನಲ್ಲಿ ಕೆಸುವು, ಗದ್ದೆಯ ಬದುವಿನಲ್ಲಿ ಒಂದೆಲಗ. ಮಾಂಸಾಹಾರಿ ಮನೆಗಳಲ್ಲಿ ಮುಂಗಾರಿನ ನೀರಿಗೆ ಎದುರಾಗಿ ಹತ್ತಿ ಬರುವ ಹತ್ತುಮೀನು, ಗದ್ದೆಯ ಏಡಿ, ಮಳೆಗಾಲಕ್ಕೆಂದು ಕೂಡಿಟ್ಟ ಒಣಮೀನು ಇರುತ್ತವೆ. ಮೀನು ಮತ್ತು ಮಾಂಸದ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರುತ್ತದೆ. ಅಷ್ಟೇ ಅಲ್ಲ, ಅದೇ ತಟ್ಟೆಯಲ್ಲಿರುವ ಸೊಪ್ಪಿನ ಕಬ್ಬಿಣವೂ ಅವುಗಳ ಸಂಗಡ ಹೆಚ್ಚು ಒಳಗೆ ಹೋಗುತ್ತದೆ. ಹುರುಳಿಯ 100 ಗ್ರಾಂನಲ್ಲಿ 6ರಿಂದ 8 ಮಿಲಿಗ್ರಾಂ ಕಬ್ಬಿಣವಿದೆ. ಎತ್ತಿಗೆ ಬೇಯಿಸುವ ಕಾಳು ಎಂಬ ಹೆಸರಿನಿಂದ ಅದು ಎಷ್ಟೋ ಮನೆಗಳಲ್ಲಿ ಹಿಂದೆ ಸರಿದಿದೆ.

ನಮ್ಮ ಅಡುಗೆಯ ಹುಳಿಗೂ ಇಲ್ಲಿ ದೊಡ್ಡ ಪಾತ್ರವಿದೆ. ಸಿ ಜೀವಸತ್ವ ಜೊತೆಗಿದ್ದರೆ ಸೊಪ್ಪಿನ ಕಬ್ಬಿಣ ಕರುಳಿನಲ್ಲಿ ಕರಗಿ ಒಳಗೆ ಹೋಗುವ ರೂಪಕ್ಕೆ ಬರುತ್ತದೆ. ಊಟದ ಕೊನೆಗೆ ಅರ್ಧ ಲಿಂಬೆ ಹಣ್ಣು, ಒಂದು ಪೇರಲೆ ಹಣ್ಣು, ಕಾಡಿನಿಂದ ತಂದ ನಾಲ್ಕು ನೆಲ್ಲಿಕಾಯಿ ಇಷ್ಟಿದ್ದರೆ ಅದೇ ಸೊಪ್ಪಿನ ಪಲ್ಯ ಹೆಚ್ಚು ಕೆಲಸ ಮಾಡುತ್ತದೆ. ಹುಳಿ ಹಾಕಿದ ಪದಾರ್ಥವನ್ನು ಅಜ್ಜಿಯ ಕಾಲದ ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಬಾಣಲೆಯ ಕಬ್ಬಿಣವೂ ಸ್ವಲ್ಪ ಬಿಟ್ಟುಕೊಂಡು ಊಟಕ್ಕೆ ಸೇರುತ್ತದೆ. ಅಲ್ಯೂಮಿನಿಯಮ್ ಪಾತ್ರೆ ಬಂದ ಮೇಲೆ ಆ ಬಾಣಲೆ ಅಟ್ಟ ಸೇರಿದೆ. ಇಳಿಸಿ ತೊಳೆದು ಒಲೆಯ ಮೇಲಿಡುವುದಕ್ಕೆ ಖರ್ಚೇನೂ ಇಲ್ಲ.

ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವುದು ಚಹಾ. ಬೆಳಗಿನ ತಿಂಡಿಯ ಜೊತೆ, ಮಧ್ಯಾಹ್ನ ಊಟ ಮುಗಿದ ಕೂಡಲೆ, ಸಂಜೆ ಕೆಲಸದ ನಡುವೆ ಹೀಗೆ ನಾಲ್ಕೈದು ಲೋಟ ಚಹಾ ಅಥವಾ ಬೆಲ್ಲದ ಕಾಫಿ ಕುಡಿಯುವುದು ಕೂಲಿ ಮಾಡುವ ಮನೆಗಳಲ್ಲಿ ರೂಢಿ. ಹಸಿವನ್ನು ಸ್ವಲ್ಪ ಹೊತ್ತು ಮುಂದೂಡುವ ಅಗ್ಗದ ಉಪಾಯವೂ ಅದು. ಚಹಾದ ಒಗರು ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಊಟದೊಂದಿಗೆ ಕುಡಿದ ಚಹಾ, ಹೀರಬಹುದಾದ ಕಬ್ಬಿಣವನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಲ್ಲದು. ಚಹಾ ಬಿಡು ಎಂದರೆ ಯಾರೂ ಬಿಡುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದೆರಡು ಗಂಟೆ ಬಿಟ್ಟರೆ ಸಾಕು. ಎಲೆ-ಅಡಿಕೆಯ ವಿಷಯದಲ್ಲಿ ಮಾತ್ರ ಇಷ್ಟು ಸಡಿಲವಾಗಿ ಹೇಳಲಾರೆ. ಅಡಿಕೆಯಲ್ಲೂ ಒಗರಿದೆ, ಮೇಲಾಗಿ ಅದರ ಸತ್ವ ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತದೆ. ಕವಳಕ್ಕೆ ಹೊಗೆಸೊಪ್ಪು ಸೇರಿದರಂತೂ ಮಗುವಿನ ತೂಕ ಕುಗ್ಗುವ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವ ಅಪಾಯ ಹೆಚ್ಚುತ್ತದೆ. ಅಡಿಕೆಯೇ ಬದುಕಾಗಿರುವ ಸೀಮೆಯಲ್ಲಿ ಇದನ್ನು ಹೇಳುವುದು ಹಿತವಲ್ಲದಿದ್ದರೂ ಬಸುರಿಯ ಎದುರು ಹೇಳಲೇಬೇಕು.

ತಟ್ಟೆಯಲ್ಲಿ ಏನಿದೆ ಎನ್ನುವಷ್ಟೇ ಮುಖ್ಯ, ಅದು ಯಾರ ತಟ್ಟೆ, ಎಷ್ಟನೆಯ ಸರದಿಯದು ಎನ್ನುವುದು. ಮನೆಯ ಗಂಡಸರು, ಮಕ್ಕಳು, ಅತ್ತೆ ಉಂಡ ಮೇಲೆ ಕೊನೆಗೆ ಕೂರುವ ಸೊಸೆಗೆ ಪಾತ್ರೆಯಲ್ಲಿ ಉಳಿದಿರುವುದು ಸಾರಿನ ತಿಳಿ. ಬೇಳೆಯ ಗಟ್ಟಿ ಭಾಗ, ಮೀನಿನ ತುಂಡು ಆಗಲೇ ಖಾಲಿಯಾಗಿರುತ್ತವೆ. ಯಾರೂ ಬೇಕೆಂದು ಅವಳಿಗೆ ಕಡಿಮೆ ಮಾಡಿದ್ದಲ್ಲ, ಸೌಟು ಹಾಗೆ ನಡೆದುಬಂದಿದೆ. ಬಸುರಿಗೆ ಮಾಮೂಲಿ ಊಟದ ಮೇಲೆ ದಿನಕ್ಕೆ ಸುಮಾರು 350 ಕಿಲೊಕ್ಯಾಲರಿ ಹೆಚ್ಚು ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು. ಪ್ರೋಟೀನು ನಡುವಿನ ಮೂರು ತಿಂಗಳಲ್ಲಿ ಸುಮಾರು 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ ಸುಮಾರು 22 ಗ್ರಾಂ ಹೆಚ್ಚು. ಒಂದು ಕೋಳಿಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಇನ್ನೊಂದು ಹಿಡಿ ಅನ್ನ ಬಡಿಸಿದರೆ ಈ ಕೊರತೆ ತುಂಬುವುದಿಲ್ಲ. ಗಟ್ಟಿ ಬೇಳೆ, ಮೊಟ್ಟೆ, ಶೇಂಗಾ, ಹಾಲು, ಮೀನು ಇವುಗಳಲ್ಲಿ ಯಾವುದಾದರೂ ಎರಡು ಪ್ರತಿದಿನ ಅವಳ ಪಾಲಿಗೆ ಮೊದಲೇ ತೆಗೆದಿಟ್ಟಿರಬೇಕು.

ಬಯಕೆಯ ಬಗ್ಗೆ ಒಂದು ಮಾತು. ಬಸುರಿಯ ಬಯಕೆ ತೀರಿಸುವುದು ನಮ್ಮಲ್ಲಿ ಸಂಭ್ರಮದ ಸಂಗತಿ. ಆದರೆ ಮಣ್ಣು, ಗೋಡೆಯ ಸುಣ್ಣ, ಇದ್ದಿಲು, ಹಸಿ ಅಕ್ಕಿ ತಿನ್ನಬೇಕೆನ್ನುವ ಬಯಕೆ ಬೇರೆ ಜಾತಿಯದು. ಮೊದಲ ಮಳೆಗೆ ಕೆಮ್ಮಣ್ಣಿನ ವಾಸನೆ ಎದ್ದಾಗ ಹಿತ್ತಿಲಿಗೆ ಹೋಗಿ ಯಾರಿಗೂ ಕಾಣದ ಹಾಗೆ ಬೆರಳಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುವ ಹುಡುಗಿಗೆ ನಾಚಿಕೆಯಾಗುತ್ತದೆ, ಅದಕ್ಕೇ ಅವಳು ಹೇಳುವುದಿಲ್ಲ. ಅದು ಹೆಚ್ಚಾಗಿ ಕಬ್ಬಿಣದ ಕೊರತೆಯ ಗುರುತು. ಗದರಿಸಬಾರದು, ರಕ್ತ ಪರೀಕ್ಷೆ ಮಾಡಿಸಬೇಕು. ಮಣ್ಣಿನ ಜೊತೆ ಹೊಟ್ಟೆಗೆ ಹುಳದ ಮೊಟ್ಟೆಗಳೂ ಹೋಗುತ್ತವೆ.

ಹುಳದ ಮಾತು ಬಂದದ್ದರಿಂದ ಕೆಲಸದ ಕಡೆ ತಿರುಗುತ್ತೇನೆ. ಕೊಕ್ಕೆಹುಳು ಹೆಚ್ಚಾಗಿ ಬಾಯಿಯಿಂದಲ್ಲ, ಬರಿಗಾಲಿನ ಚರ್ಮದಿಂದ ಒಳಗೆ ಹೊಕ್ಕು ಕೊನೆಗೆ ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ತೇವದ, ನೆರಳಿನ ಮಣ್ಣು ಅದಕ್ಕೆ ಹೇಳಿ ಮಾಡಿಸಿದ ಜಾಗ. ನಮ್ಮ ತೋಟ, ಹಿತ್ತಿಲು ಎಲ್ಲವೂ ಮಳೆಗಾಲದಲ್ಲಿ ಹಾಗೆಯೇ ಇರುತ್ತವೆ. ಆದ್ದರಿಂದ ಬಸಿರಿನ ನಾಲ್ಕನೆಯ ತಿಂಗಳ ನಂತರ ಕೊಡುವ 400 ಮಿಲಿಗ್ರಾಂ ಅಲ್ಬೆಂಡಜೋಲ್ ಮಾತ್ರೆಯನ್ನು ಬಿಡಬಾರದು, ಹಿತ್ತಿಲಿಗೆ ಹೋಗುವಾಗ ಚಪ್ಪಲಿ ಬಿಡಬಾರದು.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಇನ್ನೊಂದು ಕಷ್ಟ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಕೆಲಸ ರಾತ್ರಿ ಹತ್ತು ಹನ್ನೊಂದರವರೆಗೂ ನಡೆಯುತ್ತದೆ, ಸುಲಿದಷ್ಟಕ್ಕೆ ಕೂಲಿ. ಕೂತಲ್ಲೇ ಮಾಡುವ ಕೆಲಸವೆಂದು ಬಸುರಿಯರಿಗೆ ಇದನ್ನೇ ಕೊಡುತ್ತಾರೆ. ಬಾಗಿದ ಬೆನ್ನು, ಇಳಿಬಿದ್ದು ಊದುವ ಕಾಲು, ತಣ್ಣಗಾದ ರಾತ್ರಿ ಊಟ, ನಿದ್ದೆ ಹಿಡಿಯದಿರಲೆಂದು ಚಹಾ. ಆ ವರ್ಷದ ಸಾಲ ತೀರಬೇಕಾದ್ದು ಈ ಎರಡು ಮೂರು ತಿಂಗಳಲ್ಲಿ, ಆದ್ದರಿಂದ ಬೇಡವೆನ್ನುವ ಧೈರ್ಯ ಅವಳಿಗಿರುವುದಿಲ್ಲ. ಎಂಟು ತಿಂಗಳ ಬಸುರಿಯನ್ನು ರಾತ್ರಿ ಎಂಟಕ್ಕೆ ಮನೆಗೆ ಕಳಿಸುವುದು ಮನೆಯ ಯಜಮಾನರ ಕೈಯಲ್ಲಿದೆ, ಅವಳ ಕೈಯಲ್ಲಿಲ್ಲ. ಬೇಸಿಗೆಯ ಮುಂಚೆ ತರಗೆಲೆ ಗುಡಿಸಿ ತರಲು, ಸೌದೆ ಆರಿಸಲು ಅವಳನ್ನು ಕಾಡಿಗೆ ಕಳಿಸಲೂಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಉಣುಗು ಚುರುಕಾಗಿರುವುದು ಡಿಸೆಂಬರಿನಿಂದ ಮೇ ತನಕ, ತರಗೆಲೆಯ ಕೆಲಸದ ಕಾಲವೂ ಅದೇ.

ಮಾತ್ರೆಗೆ ಬರೋಣ. ಬಸಿರಿನಲ್ಲಿ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಎಂಬುದು ನಿಯಮ. ರಕ್ತಹೀನತೆ ಸೌಮ್ಯವೋ ಮಧ್ಯಮವೋ ಇದ್ದರೆ ದಿನಕ್ಕೆ ಎರಡು. ಹಂಚಿಕೆ ಬಹುಮಟ್ಟಿಗೆ ನಡೆಯುತ್ತದೆ, ನುಂಗುವುದು ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ನಿಲ್ಲಿಸುವುದಕ್ಕೆ ಅವರು ಹೇಳುವ ಕಾರಣಗಳು ನಿಜವಾದವು: ವಾಕರಿಕೆ, ಹೊಟ್ಟೆ ಉರಿ, ಮಲಬದ್ಧತೆ, ಮಲ ಕಪ್ಪಾಗುವುದು. ಮಲ ಕಪ್ಪಾಗುವುದು ಹೀರದೆ ಉಳಿದ ಕಬ್ಬಿಣದಿಂದ, ಅದರಿಂದ ಅಪಾಯವಿಲ್ಲ. ವಾಕರಿಕೆಗೆ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ನಂತರ ನುಂಗಿ ಮಲಗುವುದು ಒಳ್ಳೆಯ ಉಪಾಯ. ಮಾತ್ರೆಯನ್ನು ಹಾಲು, ಚಹಾ, ಕಾಫಿಯ ಜೊತೆ ನುಂಗಬಾರದು, ನೀರು ಅಥವಾ ಲಿಂಬೆ ಪಾನಕದ ಜೊತೆ ನುಂಗಬೇಕು. ಕ್ಯಾಲ್ಸಿಯಂ ಮಾತ್ರೆಯನ್ನೂ ಅದೇ ಹೊತ್ತಿಗೆ ನುಂಗಬಾರದು, ಯಾಕೆಂದರೆ ಅದು ಕಬ್ಬಿಣಕ್ಕೆ ಅಡ್ಡ ಬರುತ್ತದೆ. ಎರಡೂ ಮಾತ್ರೆಗಳನ್ನು ಒಂದೇ ಕವರಿನಲ್ಲಿ ಹಾಕಿ ಕೊಟ್ಟು ಕಳಿಸಿದಾಗ ಇದನ್ನು ಬಿಡಿಸಿ ಹೇಳುವವರು ಬೇಕು. “ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ” ಎನ್ನುವ ಮಾತಿಗೆ ಆಧಾರವೇನೂ ಇಲ್ಲ. ಮಾತ್ರೆಯನ್ನು ಸರಿಯಾಗಿ ನುಂಗಿಯೂ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಕೂಡ ಏರದಿದ್ದರೆ ಕಾರಣ ಬೇರೆ ಇರಬಹುದು; ಬಿ12 ಕೊರತೆಯೋ ಥಲಸ್ಸೀಮಿಯಾದಂಥ ವಂಶದ ತೊಂದರೆಯೋ ವೈದ್ಯರು ನೋಡಬೇಕು. ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಚುಚ್ಚುಮದ್ದು ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. 7ಕ್ಕಿಂತ ಕೆಳಗಿದ್ದವರನ್ನು ತಾಲ್ಲೂಕು ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಕಳಿಸಬೇಕಾಗುತ್ತದೆ.

ಅಂಗನವಾಡಿಯ ಊಟ ಈ ಕೊರತೆಗೆ ನೇರವಾಗಿ ಹೊಂದಿಸಿ ರೂಪಿಸಿದ ಯೋಜನೆ. 2013ರ ಆಹಾರ ಭದ್ರತಾ ಕಾಯ್ದೆ ಬಸುರಿ ಮತ್ತು ಬಾಣಂತಿಗೆ ದಿನಕ್ಕೆ 600 ಕಿಲೊಕ್ಯಾಲರಿ, 18ರಿಂದ 20 ಗ್ರಾಂ ಪ್ರೋಟೀನು ಕೊಡಬೇಕೆಂದು ಹೇಳುತ್ತದೆ. ಅದನ್ನು ಬಿಸಿ ಊಟವಾಗಿ ಕೊಡುವ ‘ಮಾತೃಪೂರ್ಣ’ ಯೋಜನೆಯನ್ನು ಕರ್ನಾಟಕ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭಿಸಿತು. ಅನ್ನ, ಸಾಂಬಾರು, ಸೊಪ್ಪು-ತರಕಾರಿ, ಮೊಟ್ಟೆ, 200 ಮಿಲಿಲೀಟರ್ ಹಾಲು, ಶೇಂಗಾ ಚಿಕ್ಕಿ, ತಿಂಗಳಿಗೆ 25 ದಿನ. ಕಾಗದದ ಮೇಲೆ ಮೇಲಿನ ಲೆಕ್ಕವೆಲ್ಲ ಇದರಲ್ಲಿ ತುಂಬುತ್ತದೆ. ಅತ್ತೆ ಬಡಿಸುವ ಸರದಿಯ ತೊಂದರೆಯೂ ತಪ್ಪುತ್ತದೆ, ಯಾಕೆಂದರೆ ಈ ತಟ್ಟೆ ಅವಳದ್ದೇ.

ಆದರೆ ಬಯಲುಸೀಮೆಯ ಊರಿನ ಲೆಕ್ಕ ಮಲೆನಾಡಿಗೆ ಹೊಂದುವುದಿಲ್ಲ. ಅಲ್ಲಿ ಊರೆಂದರೆ ಒತ್ತಾಗಿ ನಿಂತ ಮನೆಗಳು, ನಡುವೆ ಅಂಗನವಾಡಿ. ಇಲ್ಲಿ ಊರೆಂದರೆ ಗುಡ್ಡಕ್ಕೊಂದು, ಕಣಿವೆಗೊಂದು ಮನೆ. ಆಷಾಢದ ಮಳೆಯಲ್ಲಿ, ಜಾರುವ ಕಾಲುಸಂಕ ದಾಟಿ, ಉಂಬಳ ಕಚ್ಚಿಸಿಕೊಂಡು, ತುಂಬಿದ ಬಸುರಿ ಒಂದೆರಡು ಕಿಲೋಮೀಟರ್ ನಡೆದು ಬಂದು ಉಂಡು ಮತ್ತೆ ಏರು ಹತ್ತಿ ಮನೆಗೆ ಹೋಗಬೇಕು. ಕೂಲಿಗೆ ಹೋದ ದಿನ ಅದೂ ಆಗುವುದಿಲ್ಲ. ಬರಲಾಗದವಳ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ, ಅದನ್ನು ಓದುವವರಿಗೆ ಅವಳಿಗೆ ಆಸಕ್ತಿ ಇಲ್ಲವೆಂದು ಕಾಣುತ್ತದೆ. ಮಳೆಗಾಲದ ನಾಲ್ಕು ತಿಂಗಳಾದರೂ ಇಂಥ ಮನೆಗಳಿಗೆ ಮೊಟ್ಟೆ, ಕಾಳು, ಚಿಕ್ಕಿಯನ್ನು ವಾರಕ್ಕೊಮ್ಮೆ ತಲುಪಿಸುವುದೇ ಸರಿಯಾದ ದಾರಿ ಎಂದು ನನಗೆ ಅನ್ನಿಸುತ್ತದೆ. ಮನೆಗೆ ಹೋದ ಮೊಟ್ಟೆ ಅವಳೊಬ್ಬಳ ತಟ್ಟೆಗೆ ಬೀಳುವುದಿಲ್ಲ ಎಂಬ ಆಕ್ಷೇಪ ನಿಜವೇ. ಆದರೂ ಮೂರರಲ್ಲಿ ಒಂದು ಪಾಲು ಸಿಗುವುದು ಏನೂ ಸಿಗದಿರುವುದಕ್ಕಿಂತ ಮೇಲು.

ದುಡ್ಡಿನ ದಾರಿಯೂ ಹೀಗೆಯೇ ಅವಳನ್ನು ಮುಟ್ಟದೆ ಪಕ್ಕದಿಂದ ಹೋಗುತ್ತದೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಎರಡು ಕಂತಿನಲ್ಲಿ 5000 ರೂಪಾಯಿ, ಎರಡನೆಯದು ಹೆಣ್ಣಾದರೆ 6000 ರೂಪಾಯಿ ಸಿಗುತ್ತದೆ. ಅದಕ್ಕೆ ಆಧಾರ್, ಬ್ಯಾಂಕ್ ಖಾತೆ, ತಾಯಿ ಕಾರ್ಡ್ ಎಲ್ಲ ಹೊಂದಬೇಕು. ಹೆಸರಿನ ಒಂದು ಅಕ್ಷರ ತಪ್ಪಿದರೆ ಹಣ ಬರುವಷ್ಟರಲ್ಲಿ ಮಗು ನಡೆಯುತ್ತಿರುತ್ತದೆ. 2023ರಲ್ಲಿ ಬಂದ ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಎಷ್ಟೋ ಮನೆಗಳನ್ನು ನಿಲ್ಲಿಸಿದೆ. ಆದರೆ ಅದು ಮನೆಯ ಯಜಮಾನಿಯ ಖಾತೆಗೆ, ಎಂದರೆ ಸಾಮಾನ್ಯವಾಗಿ ಅತ್ತೆಯ ಖಾತೆಗೆ ಬರುತ್ತದೆ. ಅದೇ ವರ್ಷದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ. ನಮ್ಮ ಒಳರಸ್ತೆಗಳಲ್ಲಿ ಓಡುವುದು ಬಹುತೇಕ ಖಾಸಗಿ ಬಸ್ಸು, ತಪಾಸಣೆಗೆ ಹೋಗಬೇಕಾದವಳು ಟಿಕೆಟ್ ತೆಗೆಸಲೇಬೇಕು, ಆ ದಿನದ ಕೂಲಿಯನ್ನೂ ಬಿಡಬೇಕು.

ರೇಷನ್ ಅಕ್ಕಿಯ ವಿಷಯದಲ್ಲಿ ಹರಡಿರುವ ಒಂದು ಭಯವನ್ನೂ ಇಲ್ಲೇ ತೆಗೆಯಬೇಕು. ಅಕ್ಕಿ ಆರಿಸುವಾಗ ಉಳಿದವುಗಳಿಗಿಂತ ಸ್ವಲ್ಪ ಬೇರೆ ಬಣ್ಣದ, ನೀರಿಗೆ ಹಾಕಿದರೆ ತೇಲುವ ಕೆಲವು ಕಾಳು ಸಿಗುತ್ತವೆ. ‘ಪ್ಲಾಸ್ಟಿಕ್ ಅಕ್ಕಿ’ ಎಂದು ಅದನ್ನು ಹೆಕ್ಕಿ ಎಸೆಯುವವರಿದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಸೇರಿಸಿದ ಸಾರವರ್ಧಿತ ಅಕ್ಕಿ. ಎಸೆದವರು ಆ ಅಕ್ಕಿಯಲ್ಲಿ ಸೇರಿಸಿದ್ದನ್ನೇ ಎಸೆದಂತಾಯಿತು.

ಇಷ್ಟೆಲ್ಲ ಏಕೆ ಮುಖ್ಯ ಎನ್ನುವುದು ಹೆರಿಗೆಯ ದಿನ ತಿಳಿಯುತ್ತದೆ. ಸಹಜ ಹೆರಿಗೆಯಲ್ಲೂ ಅರ್ಧ ಲೀಟರಿನ ತನಕ ರಕ್ತ ಹೋಗಬಹುದು. ಹಿಮೋಗ್ಲೋಬಿನ್ 11 ಇದ್ದವಳು ಅದನ್ನು ತಾಳಿಕೊಳ್ಳುತ್ತಾಳೆ. 7 ಇದ್ದವಳ ಹೃದಯ ಅಷ್ಟಕ್ಕೇ ಸೋಲಬಹುದು, ಸ್ರಾವ ಇನ್ನೂ ಹೆಚ್ಚಾದರೆ ಉಳಿಸಿಕೊಳ್ಳಲು ಸಿಗುವ ಹೊತ್ತು ಬಹಳ ಕಡಿಮೆ. 2018–20ರ ಅಂಕಿಅಂಶದಂತೆ ಕರ್ನಾಟಕದಲ್ಲಿ ಲಕ್ಷ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು, ಪಕ್ಕದ ಕೇರಳದಲ್ಲಿ 19. ರಕ್ತನಿಧಿ ಇರುವ ಆಸ್ಪತ್ರೆಗೆ ಗುಡ್ಡಗಾಡಿನ ಮನೆಯಿಂದ ಒಂದೂವರೆ ಎರಡು ಗಂಟೆಯ ದಾರಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಲಾಂಚನ್ನೇ ನಂಬಿದ್ದರು, ಅದರ ಆ ದಿನದ ಓಡಾಟ ನಿಂತ ಮೇಲೆ ರಾತ್ರಿ ನೋವು ಬಂದರೆ ಸುತ್ತು ದಾರಿಯೇ ಗತಿಯಾಗಿತ್ತು. ಇಂಥ ಕಡೆ ಬಸುರಿಯ ಮೈಯಲ್ಲಿ ಕೂಡಿಟ್ಟ ರಕ್ತವೇ ಅವಳ ಮೊದಲ ಆಂಬುಲೆನ್ಸ್. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ವೈದ್ಯರ ತಪಾಸಣೆಗೆ ಹೋಗಿ, ರಕ್ತ ಕಡಿಮೆ ಇದ್ದವರು ಹೆರಿಗೆ ಎಲ್ಲಿ, ಯಾವ ವಾಹನದಲ್ಲಿ, ರಕ್ತ ಕೊಡುವವರು ಯಾರು ಎಂಬುದನ್ನು ಎಂಟನೆಯ ತಿಂಗಳಲ್ಲೇ ಗೊತ್ತುಮಾಡಿಕೊಂಡಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ವಾಹನ ಎಲ್ಲವೂ 2011ರಿಂದ ಉಚಿತ. ಮುಖ, ಕೈ ಊದಿದರೆ, ಕಣ್ಣು ಮಂಜಾದರೆ, ಕಡಿಮೆಯಾಗದ ತಲೆನೋವಿದ್ದರೆ, ಕೂತಲ್ಲೇ ಏದುಸಿರು ಬಂದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಆ ದಿನಾಂಕಕ್ಕಾಗಿ ಕಾಯಬಾರದು, ಕೂಡಲೆ 108ಕ್ಕೆ ಕರೆ ಮಾಡಬೇಕು.

ಮಗುವಿನ ಕಡೆಯಿಂದ ನೋಡಿದರೆ 2.5 ಕಿಲೋ ಎಂಬ ಗೆರೆ ಇದೆ, ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು. ಇದರ ಪರಿಣಾಮ ಬಾಲ್ಯಕ್ಕೆ ಮುಗಿಯುವುದಿಲ್ಲವೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಸಿಕ್ಕಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದವರ ಜನನ ದಾಖಲೆಗಳನ್ನು ಹಿಡಿದು, ಅವರನ್ನು ನಡುವಯಸ್ಸು ತಲುಪಿದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು ಕಂಡುಬಂತು. ತಾಯಿ ಒಟ್ಟು 10ರಿಂದ 12 ಕಿಲೋ ತೂಕ ಏರಿದರೆ ಮಗುವಿಗೆ ಒಳ್ಳೆಯದು. ತಾಯಿ ಕಾರ್ಡಿನಲ್ಲಿ ಎರಡು ತಿಂಗಳ ತೂಕ ಒಂದೇ ಇದ್ದರೆ ಅದನ್ನು ಸಿಸ್ಟರ್‌ಗೆ ತೋರಿಸಿ ಕೇಳಬೇಕು.

ಕೊನೆಗೆ ಬಾಣಂತನ. ಮೊಲೆಯುಣಿಸುವ ಮೊದಲ ಆರು ತಿಂಗಳಲ್ಲಿ ತಾಯಿಗೆ ದಿನಕ್ಕೆ ಹೆಚ್ಚಿಗೆ ಬೇಕಾಗುವುದು ಸುಮಾರು 600 ಕಿಲೊಕ್ಯಾಲರಿ, ಬಸುರಿಗೆ ಬೇಕಾದ 350ಕ್ಕಿಂತ ಬಹಳ ಹೆಚ್ಚು. ನಮ್ಮಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಸೀಮಂತದ ತನಕ ಉಪಚಾರ, ಹೆರಿಗೆಯಾದ ಮೇಲೆ ಪಥ್ಯ. ಸೊಪ್ಪು ತಂಪು, ಬೇಳೆ ವಾಯು, ಹಣ್ಣು ಶೀತ, ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಒಂದೊಂದನ್ನೇ ತೆಗೆದು ಕೊನೆಗೆ ಉಳಿಯುವುದು ಬಿಸಿ ಅನ್ನ, ಕಾಳುಮೆಣಸು-ಬೆಳ್ಳುಳ್ಳಿಯ ಸಾರು. ಮೆಣಸು, ಬೆಳ್ಳುಳ್ಳಿ, ತುಪ್ಪ, ಎಣ್ಣೆನೀರು, ಬೆಚ್ಚನೆಯ ಕೋಣೆ ಇವುಗಳಿಗೆ ನನ್ನ ತಕರಾರಿಲ್ಲ, ಆ ಆರೈಕೆಯಲ್ಲಿ ಹಿರಿಯ ಹೆಂಗಸರ ಅಕ್ಕರೆ ಇದೆ. ಆ ಸಾರಿಗೆ ಒಂದು ಹಿಡಿ ನುಗ್ಗೆ ಸೊಪ್ಪು ಮತ್ತು ಗಟ್ಟಿ ತೊಗರಿಬೇಳೆ ಸೇರಲಿ, ಸಂಜೆ ರಾಗಿ ಗಂಜಿ ಇರಲಿ, ಬಾಯಾರಿದಾಗಲೆಲ್ಲ ಕಾಯಿಸಿದ ನೀರು ಕೊಡಲಿ. ಇನ್ನೊಂದು ಬಸಿರು ಎರಡು ವರ್ಷವಾದರೂ ತಡೆದರೆ ಬರಿದಾದ ಕಬ್ಬಿಣದ ಗಂಟು ಮತ್ತೆ ಕೂಡುತ್ತದೆ. ಮತ್ತೆ, ಬಾಣಂತಿ ಕೋಣೆಯ ಗೋಡೆಯ ಗೂಡಿನಲ್ಲಿ ಎಣ್ಣೆ ಶೀಶೆಯ ಹಿಂದೆ ಕೆಂಪು ಮಾತ್ರೆಯ ಪಟ್ಟಿಗಳು ಹಾಗೇ ಉಳಿದಿರುತ್ತವೆ, ಹೆರಿಗೆಯಾಯಿತಲ್ಲ ಇನ್ನೇಕೆ ಎಂದು. ಅವುಗಳನ್ನು ಈಚೆ ತೆಗೆದು ಅವಳ ಕೈಗೆ ಕೊಡಬೇಕು, ಇನ್ನೂ 180 ದಿನಗಳಿವೆ.